ಹತ್ತು ಚುಕ್ಕಿ ಇಪ್ಪತ್ತೇಳು

ಫೆಬ್ರವರಿ 3, ಸೋಮವಾರ. ಬೆಳಗ್ಗೆ 8:10

ಸರ್ವರ್ ರೂಮಿನ ಎ.ಸಿ. ಮತ್ತೆ ತೊಟ್ಟಿಕ್ಕುತ್ತಿದೆ. ಬಕೆಟ್ ಇಟ್ಟಾಯಿತು. ಎರಡನೇ ಮಹಡಿಯ ನರ್ಸಮ್ಮನಿಂದ ಆಗಲೇ ಮೂರು ಫೋನ್. ನೆಟ್‌ವರ್ಕ್ ಹೋಗಿದೆ, ಪ್ರಿಂಟರ್ ಓಡುತ್ತಿಲ್ಲ ಅಂತ. ಹೋಗಿ ನೋಡಿದರೆ ಕಾಗದವೇ ಇಲ್ಲ. ನೆಟ್‌ವರ್ಕ್ ಇನ್‌ಚಾರ್ಜ್ ಎಂಬ ದೊಡ್ಡ ಹೆಸರು ಇಟ್ಟುಕೊಂಡು ಕಾಗದ ತುಂಬಿಸಿ ಬಂದೆ.

ಹನ್ನೊಂದಕ್ಕೆ ಮೀಟಿಂಗ್. ಆಡಳಿತದ ಸಾಹೇಬರು ಕರೆದಿದ್ದಾರೆ. ಮಂಡಿ ನೋವು. ಲಿಫ್ಟ್ ಕೆಟ್ಟಿದೆ.

ಸಂಜೆ 5:30

ಹೊಳೆಯಾಚೆಯ ಕಣ್ಣಾಸ್ಪತ್ರೆ ನಮ್ಮ ಆಸ್ಪತ್ರೆಯೊಳಗೆ ಸೇರಿತಂತೆ. ಕಾಗದಪತ್ರ ಎಲ್ಲ ಮುಗಿದಿದೆ. ಅಲ್ಲಿನ ರಿಪೋರ್ಟ್ ಇಲ್ಲಿ ಕಾಣಬೇಕು, ಇಲ್ಲಿನದು ಅಲ್ಲಿ ಕಾಣಬೇಕು. ಮಾರ್ಚ್ ಹತ್ತರೊಳಗೆ.

"ಒಂದು ವೈರ್ ಎಳೆದ್ರೆ ಆಯ್ತಲ್ವಾ?" ಅಂದರು ಸಾಹೇಬರು.

"ಆಯ್ತು ಸಾರ್," ಅಂದೆ. ವೈರ್ ಎಳೆಯುವುದು ಸುಲಭ. ಎರಡು ತುದಿಯಲ್ಲೂ ಒಂದೇ ನಂಬರ್ ಇದ್ದರೆ ಕಷ್ಟ. ಹಾಗೆಲ್ಲ ಆಗಲಾರದು ಅನ್ನಿಸಿತು. ಕಣ್ಣಾಸ್ಪತ್ರೆಗೆ ಮೇಲ್ ಹಾಕಿದೆ — ನಿಮ್ಮ ಮೆಷಿನ್ನುಗಳ ಐಪಿ ನಂಬರ್‌ಗಳ ಪಟ್ಟಿ ಕಳಿಸಿ ಅಂತ.

ಫೆಬ್ರವರಿ 5, ಬುಧವಾರ. ಮಧ್ಯಾಹ್ನ 12:40

ಪಟ್ಟಿ ಬಂತು. ತೆರೆದೆ. ಟೀ ಲೋಟ ಕೆಳಗಿಟ್ಟೆ.

10.27.1 — ಮೊದಲ ಮಹಡಿ. 10.27.2 — ಎರಡನೆಯದು. ಪ್ರತಿ ಮಹಡಿಯಲ್ಲೂ ಕೊನೆಯ ಜಾಗದಲ್ಲಿ 1 ಅಂದರೆ ಗೇಟ್‌ವೇ, ಹೊರಗೆ ಹೋಗುವ ಬಾಗಿಲು. ಮೂವತ್ತರಿಂದ ಪ್ರಿಂಟರ್‌ಗಳು.

ಇದು ನನ್ನ ಪಟ್ಟಿ. ಹದಿನೆಂಟು ವರ್ಷದ ಹಿಂದೆ ಈ ಆಸ್ಪತ್ರೆಗೆ ನಾನೇ ಕೂತು ಬರೆದದ್ದು. ನಮ್ಮದನ್ನೇ ನಮಗೆ ತಪ್ಪಿ ವಾಪಸ್ ಕಳಿಸಿದರೇನೋ ಅಂದುಕೊಂಡೆ. ಇಲ್ಲ. ಅದರಲ್ಲಿ ಕಣ್ಣು ನೋಡುವ ಮೆಷಿನ್‌ಗಳಿವೆ. ಅವು ನಮ್ಮಲ್ಲಿಲ್ಲ.

ಗೋಡೆಯೊಳಗಿನ ಬಳಕೆಗೆ ಅಂತ ಮೂರು ಗುಂಪು ನಂಬರ್ ಬಿಟ್ಟಿದ್ದಾರೆ. 10ರಿಂದ ಶುರುವಾಗುವುದೆಲ್ಲ ಒಂದು. 172.16ರಿಂದ 172.31 ಇನ್ನೊಂದು. 192.168 ಮತ್ತೊಂದು. ಹೊರಗಿನ ಇಂಟರ್ನೆಟ್ಟಿನಲ್ಲಿ ಇವು ಓಡಾಡುವುದಿಲ್ಲ, ಅದಕ್ಕೇ ಯಾರು ಬೇಕಾದರೂ ಇಟ್ಟುಕೊಳ್ಳಬಹುದು, ಯಾರ ಅಪ್ಪಣೆಯೂ ಬೇಡ. ಹೆಚ್ಚಿನವರು 192.168.1 ಅಂತ ಕಣ್ಣು ಮುಚ್ಚಿ ಇಡುತ್ತಾರೆ. ನಾನು ಬುದ್ಧಿವಂತೆ. ಮುಂದೆಂದಾದರೂ ಇನ್ನೊಂದು ಕಡೆಯವರ ಜೊತೆ ಸೇರಬೇಕಾದರೆ ಡಿಕ್ಕಿ ಆಗಬಾರದು ಅಂತ 10 ಹಿಡಿದೆ, ಎರಡನೇ ಜಾಗದಲ್ಲಿ 27 ಇಟ್ಟೆ. ಸೊನ್ನೆಯಿಂದ 255ರವರೆಗೆ ಏನು ಬೇಕಾದರೂ ಇಡಬಹುದಿತ್ತು. ಇನ್ನೊಬ್ಬರು ಅದನ್ನೇ ಇಡುವುದು ಇನ್ನೂರೈವತ್ತಾರರಲ್ಲಿ ಒಂದು ಸಲ.

ಆದರೆ 27 ನನಗೆ ಹಾಗೆ ಸುಮ್ಮನೆ ಹೊಳೆದದ್ದಲ್ಲ. ನಾವು ಕಲಿತ ಕೋಣೆಯ ನಂಬರ್ ಅದು. ಅದನ್ನು ತಂದು ಆಸ್ಪತ್ರೆಗೆ ಇಡುವ ಹುಚ್ಚು ಪ್ರಪಂಚದಲ್ಲಿ ಇಬ್ಬರಿಗೇ ಇರಲು ಸಾಧ್ಯ. ಒಬ್ಬಳು ನಾನು.

ಮೇಲ್‌ನ ಕೆಳಗೆ ಹೆಸರಿಲ್ಲ. 'ನೆಟ್‌ವರ್ಕ್ ವಿಭಾಗ' ಅಂತಷ್ಟೆ ಇದೆ. ಹೆಸರು ಬೇಡ.

ಸಂಜೆ 7:00

ಬ್ರಾಡ್‌ಕಾಸ್ಟ್. ನಾವು ಅವಳನ್ನು ಕರೆಯುತ್ತಿದ್ದ ಹೆಸರು. ಹೊಳೆಯಾಚೆ ಇದ್ದಾಳೆ. ಬಸ್ಸಿನಲ್ಲಿ ಅರ್ಧ ಗಂಟೆ. ಎಲ್ಲೋ ದೂರ ಹೋದಳು ಅಂತ ಯಾರೋ ಹೇಳಿದ್ದರು, ನಾನೂ ಮತ್ತೆ ಕೇಳಲಿಲ್ಲ.

ಕೆಲಸ ಒಂದೂ ಸಾಗಲಿಲ್ಲ ಇವತ್ತು. ಇಡೀ ಮಧ್ಯಾಹ್ನ ಇಪ್ಪತ್ತೇಳನೇ ಕೋಣೆಯಲ್ಲೇ ಕೂತಿದ್ದೆ.

ಉದ್ದ ಕಾರಿಡಾರಿನ ಕೊನೆ. ಧೂಳಾಗುತ್ತದೆ ಅಂತ ಚಪ್ಪಲಿ ಹೊರಗೆ. ಮೂವತ್ತೆರಡು ಕಂಪ್ಯೂಟರ್, ನಾಲ್ಕು ಸಾಲು. ದಪ್ಪ ಪರದೆಯ ಹಿಂದೆ ಬಿಸಿಯಾದ ಮಾನಿಟರ್‌ಗಳ ವಾಸನೆ. ಆ ವಾಸನೆ ಈಗ ಎಲ್ಲಿಯೂ ಇಲ್ಲ. ಈಗಿನವು ಬಿಸಿಯೇ ಆಗುವುದಿಲ್ಲ. ಮೇಷ್ಟ್ರ ಅಂಗಿ ಜೇಬಿನಲ್ಲಿ ಯಾವಾಗಲೂ ಒಂದು ತುಂಡು ಸೀಮೆಸುಣ್ಣ, ಜೇಬೆಲ್ಲ ಬಿಳಿ. ಹಾಜರಿ ಕೂಗುವ ಬದಲು ನಂಬರ್ ಹಿಡಿದು, ಒಂದು ಕಂಪ್ಯೂಟರ್ ಇನ್ನೊಂದನ್ನು 'ಇದ್ದೀಯಾ?' ಅಂತ ಕೇಳುವ ಹಾಗೆ, ಪಿಂಗ್ ಮಾಡುತ್ತಿದ್ದರು. "ಪಿಂಗ್ ಹನ್ನೊಂದು." "ರಿಪ್ಲೈ ಸಾರ್." ಬಾರದವರಿಗೆ "ಟೈಮ್ಡ್ ಔಟ್" ಅಂತ ಬರೆದುಕೊಳ್ಳುತ್ತಿದ್ದರು.

ನಮ್ಮಿಬ್ಬರಿಗೆ ಅಡ್ಡಹೆಸರು ಇಟ್ಟಿದ್ದೂ ಅವರೇ. ನಾನು ಬಾಗಿಲ ಪಕ್ಕ ಕೂರುತ್ತಿದ್ದೆ, ಹೋಗುವವರು ಬರುವವರೆಲ್ಲ ನನ್ನ ಕಾಲು ತುಳಿದೇ ದಾಟಬೇಕು. ಹಾಗಾಗಿ ಗೇಟ್‌ವೇ. ಅವಳಿಗೆ ಒಂದು ಮಾತು ಹೇಳಿದರೆ ಸಾಕು, ಕೋಣೆಗೆಲ್ಲ ಒಂದೇ ಸಲಕ್ಕೆ ತಲುಪುತ್ತಿತ್ತು. ನೆಟ್‌ವರ್ಕಿನಲ್ಲಿ ಆ ಕೆಲಸ ಮಾಡುವ ನಂಬರಿನ ಹೆಸರೇ ಬ್ರಾಡ್‌ಕಾಸ್ಟ್.

ಈ ಒಳಗಿನ ನಂಬರ್‌ಗಳ ಪಾಠ ನಿನ್ನೆ ಕೇಳಿದ ಹಾಗಿದೆ.

"ನಿಮ್ಮನೇಲಿ ಪುಟ್ಟಿ ಇದಾಳಾ?" ಅಂತ ಒಬ್ಬೊಬ್ಬರನ್ನೂ ಕೇಳಿದರು ಮೇಷ್ಟ್ರು. ಏಳೆಂಟು ಮನೆಯಲ್ಲಿ ಇದ್ದಳು. "ಏನಾದ್ರೂ ತೊಂದ್ರೆ ಆಗಿದೆಯಾ? ಇಲ್ಲ. ನಿಮ್ಮನೆ ಪುಟ್ಟಿ ನಿಮಗೆ, ಅವರ ಮನೆ ಪುಟ್ಟಿ ಅವರಿಗೆ. ಮದುವೆ ಛತ್ರದಲ್ಲಿ ಎಲ್ಲಾ ಮನೆಯವರೂ ಸೇರಿದಾಗ ಪುಟ್ಟಿ ಅಂತ ಕೂಗಿ ನೋಡಿ. ಐದು ಜನ ತಿರುಗ್ತಾರೆ. ಬೇಕಾದೋಳು ಮಾತ್ರ ತಿರುಗಲ್ಲ."

ಅವಳು ಆಗ ನನ್ನ ಕಿವಿಯಲ್ಲಿ, "ನಮ್ಮನೇಲಿ ನಾನೇ ಪುಟ್ಟಿ," ಅಂದಳು. ಪಿಸುಮಾತು ಅಂದುಕೊಂಡು ಹೇಳಿದ್ದು. ನಾಲ್ಕನೇ ಸಾಲಿನವರೂ ನಕ್ಕರು.

ಬಸ್ಸಿನಲ್ಲಿ ಒಂದೇ ಸೀಟು, ಒಂದೇ ಕೊಡೆ, ಎರಡು ವರ್ಷ. ಬರೆಯುತ್ತಾ ಹೋದರೆ ಮುಗಿಯದು. ಅತ್ತೆ ಊಟಕ್ಕೆ ಕರೆಯುತ್ತಿದ್ದಾರೆ.

ಫೆಬ್ರವರಿ 6, ಗುರುವಾರ. ಸಂಜೆ 6:15

ಸಾಹೇಬರಿಗೆ ಪುಟ್ಟಿಯ ಕಥೆಯನ್ನೇ ಹೇಳಿದೆ. ತಕ್ಷಣ ಅರ್ಥವಾಯಿತು ಅವರಿಗೆ. "ಹಾಗಾದ್ರೆ ಒಬ್ಬರು ಹೆಸರು ಬದಲಾಯಿಸ್ಬೇಕು. ಅವರದು ನೂರಹತ್ತು ಮೆಷಿನ್, ನಮ್ಮದು ನಾನೂರರವತ್ತು. ಅವರೇ ಬದಲಾಯಿಸ್ಲಿ. ನೀವೇ ಫೋನ್ ಮಾಡಿ ಹೇಳಿಬಿಡಿ."

ಖುಷಿಯಾಯಿತು. ಇಲ್ಲಿ ಸುಳ್ಳು ಬರೆದು ಏನು ಮಾಡಲಿ. ತಪ್ಪು ಮಾಡಿದವಳು ಅವಳು, ಜಾಗ ಬಿಡಬೇಕಾದವಳೂ ಅವಳೇ, ಸರಿಯಾಗಿದೆ ಅನ್ನಿಸಿತು.

ಆ ತಪ್ಪನ್ನು ಇಷ್ಟು ವರ್ಷದಲ್ಲಿ ಒಮ್ಮೆಯೂ ಬರೆದಿಲ್ಲ. ಈಗ ಬರೆದುಬಿಡುತ್ತೇನೆ. ಕೊನೆಯ ತಿಂಗಳು. ನಮ್ಮ ಕೋರ್ಸಿಗೆ ಮಾನ್ಯತೆ ಕೊಡಲು ಮೂವರು ಪರಿಶೀಲನೆಗೆ ಬರುವವರಿದ್ದರು. ಕಟ್ಟಡದ ನೆಟ್‌ವರ್ಕನ್ನು ನಾಲ್ಕು ಭಾಗ ಮಾಡಿ — ನಮ್ಮ ಕೋಣೆ, ಲೈಬ್ರರಿ, ಆಫೀಸು, ಮೇಷ್ಟ್ರುಗಳ ಕೋಣೆ — ಮಕ್ಕಳೇ ಮಾಡಿದ್ದು ಅಂತ ತೋರಿಸಬೇಕು ಅಂತ ಮೇಷ್ಟ್ರಿಗೆ ಆಸೆ. ನಮ್ಮಿಬ್ಬರಿಗೆ ಒಪ್ಪಿಸಿದರು. ನಾನು ಲೆಕ್ಕ ಮಾಡಿ ಹಾಳೆ ಬರೆದೆ. ಅವಳು ನೋಡಿಕೊಂಡು ಟೈಪ್ ಮಾಡಿದಳು. ಮೊದಲ ಸಾಲಿನಲ್ಲಿ ಪರೀಕ್ಷೆ ಮಾಡಿದೆವು, ಎಲ್ಲ ಚೆನ್ನಾಗಿತ್ತು, ಬಸ್ ಹಿಡಿಯಲು ಓಡಿದೆವು. ಮರುದಿನ ಬಂದವರು ಮೂರನೇ ಸಾಲಿನಲ್ಲಿ ಕೂತರು. ಏನೂ ತೆರೆಯಲಿಲ್ಲ. ನಾಲ್ಕನೇ ಸಾಲೂ ಸತ್ತಿತ್ತು. ಮೇಷ್ಟ್ರು ಎದ್ದು ನಿಂತು, "ತಪ್ಪು ನಂದು," ಅಂದರು.

ಮಾನ್ಯತೆ ಸಿಗಲಿಲ್ಲ. ಮೂರು ತಿಂಗಳಿಗೆ ಕೋಣೆ ಮುಚ್ಚಿತು. ಮೇಷ್ಟ್ರು ಒಂದು ಸಣ್ಣ ಶಾಲೆಗೆ ಲೆಕ್ಕ ಹೇಳಿಕೊಡಲು ಹೋದರು.

ಹಾಳೆ ತಪ್ಪಿದ್ದರೆ ಮೂವತ್ತೆರಡೂ ಕೆಡಬೇಕಿತ್ತು. ಅರ್ಧ ಕೆಟ್ಟಿದೆ ಅಂದರೆ ಟೈಪ್ ಮಾಡುತ್ತಾ ಮಾಡುತ್ತಾ ಮಾತಿಗೆ ಬಿದ್ದಿದ್ದಾಳೆ. ಹಾಗೆಂದೇ ಕಾರಿಡಾರಿನಲ್ಲಿ ಎಲ್ಲರೆದುರು ಹೇಳಿದೆ. ಅವಳು ಚಪ್ಪಲಿ ಹಾಕಿಕೊಂಡು ಹೋದಳು.

ಇವತ್ತು ಮಧ್ಯಾಹ್ನ ಫೋನ್ ಮಾಡಿದೆ. ಎತ್ತಿದಳು. ಅದೇ ದನಿ, ಸ್ವಲ್ಪ ಗಡುಸಾಗಿದೆ. ನನ್ನ ದನಿ ಅವಳಿಗೂ ಗೊತ್ತಾಯಿತು — ಉಸಿರು ಒಂದು ಕ್ಷಣ ನಿಂತದ್ದು ಕೇಳಿಸಿತು.

"ಹೇಳಿ ಮೇಡಂ."

ಮೇಡಂ. ನಾನೂ 'ನೀವು' ಅಂತಲೇ ಹೇಳಿದೆ, ನಂಬರ್ ನೀವು ಬದಲಾಯಿಸಬೇಕಾಗುತ್ತದೆ ಅಂತ.

"ಆಗ್ಲಿ ಮೇಡಂ." ಮತ್ತೆ, "ಇಪ್ಪತ್ತೇಳು ಬಿಟ್ಟು ಎಲ್ಲಿಗೆ ಹೋಗ್ಲಿ ಮೇಡಂ?"

ಎಷ್ಟೋ ನಂಬರ್ ಇವೆಯಲ್ಲ, ಅನ್ನಬಹುದಿತ್ತು. ಆಮೇಲೆ ಹೇಳುತ್ತೇನೆ ಅಂತ ಇಟ್ಟುಬಿಟ್ಟೆ.

ಫೆಬ್ರವರಿ 11, ಮಂಗಳವಾರ. ಸಂಜೆ 6:50

ಐದು ದಿನದಿಂದ ತಲೆಯಲ್ಲಿ ಒಂದೇ ಹುಳ. ಮೂವತ್ತರಿಂದ ಪ್ರಿಂಟರ್ ಇಡುವುದು ನನ್ನ ಐಡಿಯಾನೋ ಅವಳದೋ? ನನ್ನದೇ ಅಂತ ನೆನಪು. ಅವಳು ಹೇಗೆ ತನ್ನ ಆಸ್ಪತ್ರೆಯಲ್ಲಿ ಇಟ್ಟುಕೊಂಡಳು? ನಲವತ್ಮೂರು ವರ್ಷದ ಹೆಂಗಸಿಗೆ ಈ ಜಗಳ.

ಹಳೆಯ ರಫ್ ಪುಸ್ತಕದಲ್ಲಿ ಇರಬೇಕು. ಅಟ್ಟದ ಮೇಲೆ ಇಲ್ಲ, ಟ್ರಂಕಿನಲ್ಲೂ ಇಲ್ಲ. ಕೊನೆಗೆ ಅತ್ತೆಯನ್ನು ಕೇಳಿದೆ.

"ನೀಲಿ ರಟ್ಟಿಂದಾ? ಹೊಲಿಗೆ ಮೆಷಿನ್ ಕಾಲ ಕೆಳಗೆ ಇದೆ ನೋಡು. ಅದಿಲ್ಲದಿದ್ರೆ ಕುಣಿಯುತ್ತೆ."

"ಯಾವಾಗಿಂದ ಅತ್ತೆ?"

"ನೀನು ಮದುವೆಯಾಗಿ ಬಂದಾಗಿಂದ. ದಪ್ಪ ಸರಿಯಾಗಿತ್ತು."

ಎಳೆದೆ. ಮೆಷಿನ್ ಒಂದು ಕಡೆ ವಾಲಿತು. ಅತ್ತೆ ಈಗಲೇ ಗೊಣಗುತ್ತಿದ್ದಾರೆ. ಪುಸ್ತಕದ ಮೂಲೆಯಲ್ಲಿ ಕಾಲಿನ ಗುಂಡಿ, ಒಳಗೆ ಹದಿನೈದು ಹಾಳೆಯವರೆಗೂ ಇಳಿದಿದೆ. ಅವಳ ಗೀಚು ಅಲ್ಲಲ್ಲಿ. ಮೇಷ್ಟ್ರ ಚಿತ್ರ, ಜೇಬಿನಿಂದ ಸುಣ್ಣದ ಹೊಗೆ ಏಳುವ ಹಾಗೆ. ನಗು ಬಂತು. ಬೆಳಕು ಸಾಲದು, ನಾಳೆ ಸರಿಯಾಗಿ ನೋಡಬೇಕು.

ಫೆಬ್ರವರಿ 12, ಬುಧವಾರ. ಮಧ್ಯಾಹ್ನ 1:30

ಪ್ರಿಂಟರ್ ಐಡಿಯಾ ಅವಳದೇ. ಅವಳ ಕೈಬರಹದಲ್ಲೇ ಇದೆ.

ಅದಲ್ಲ ಬರೆಯಬೇಕಾದದ್ದು.

ಎಡಗಡೆ ಪುಟದಲ್ಲಿ ನನ್ನ ಲೆಕ್ಕ. ನಾಲ್ಕು ಭಾಗ, ಒಂದೊಂದರಲ್ಲಿ 64 ನಂಬರ್, ಗೆರೆ 26ರ ಹತ್ತಿರ, ಅಂದರೆ ಮಾಸ್ಕ್ 255.255.255.192. ಸರಿಯಾಗಿದೆ. ಬಲಗಡೆ, ನಾನು ಅವಳಿಗೆ ಕೊಟ್ಟ ಹಾಳೆಯ ಕಾರ್ಬನ್ ಪ್ರತಿ. ಮೇಲೆ ದೊಡ್ಡದಾಗಿ 'ಕೋಣೆ 27'. ಅದರ ಕೆಳಗೆ, ಅದೇ ಕೈಯಲ್ಲಿ, ಅದೇ ಭರದಲ್ಲಿ — /27. ಮಾಸ್ಕ್ 255.255.255.224.

ಇಪ್ಪತ್ತಾರು ಬರೆಯಬೇಕಾದಲ್ಲಿ ಇಪ್ಪತ್ತೇಳು ಬರೆದಿದ್ದೇನೆ. ಕೋಣೆಯ ನಂಬರ್ ಕೈಗೆ ಅಂಟಿಕೊಂಡಿತ್ತು.

ಮಾಸ್ಕ್ ಅಂದರೆ ನಂಬರಿನಲ್ಲಿ ಬೀದಿ ಎಷ್ಟು, ಮನೆ ಎಷ್ಟು ಅಂತ ಹೇಳುವ ಗೆರೆ. ಗೆರೆಯನ್ನು ಒಂದು ಬಿಟ್, ಅಂದರೆ ಒಂದೇ ಒಂದು ಸ್ಥಾನ, ಆಚೆ ಸರಿಸಿದರೆ ಬೀದಿಗಳು ಎರಡರಷ್ಟಾಗುತ್ತವೆ, ಒಂದೊಂದು ಬೀದಿಯ ಮನೆಗಳು ಅರ್ಧ. ಅರವತ್ತನಾಲ್ಕು ಇರಬೇಕಾದಲ್ಲಿ ಮೂವತ್ತೆರಡು. ನಮ್ಮ ಮೊದಲ ಸಾಲು 10ರಿಂದ, ಎರಡನೆಯದು 20ರಿಂದ. ಎರಡೂ ಮೂವತ್ತೆರಡರ ಒಳಗೆ, ಗೇಟ್‌ವೇ ಇರುವ ಬೀದಿಯಲ್ಲೇ. ಮೂವತ್ತನ್ನು ಮುಂದೆ ಬರುವ ಪ್ರಿಂಟರ್‌ಗೆ ಅಂತ ಬಿಟ್ಟಿದ್ದೆವು. ಮೂರನೇ ಸಾಲು 40ರಿಂದ, ನಾಲ್ಕನೆಯದು 50ರಿಂದ. ಬೇರೆ ಬೀದಿ. ಅಲ್ಲಿ ಬಾಗಿಲೇ ಇಲ್ಲ.

ಹಾಳೆ ತಪ್ಪಿದ್ದರೆ ಅರ್ಧವೇ ಕೆಡುತ್ತದೆ. ಸರಿಯಾಗಿ ಅರ್ಧ. ಎರಡು ನಿಮಿಷದ ಲೆಕ್ಕ. ಇಪ್ಪತ್ತೊಂದು ವರ್ಷ ಇದೇ ಲೆಕ್ಕ ಮಾಡಿ ಹೊಟ್ಟೆ ಹೊರೆದಿದ್ದೇನೆ. ಆ ಒಂದನ್ನು ಮಾತ್ರ ಮಾಡಿ ನೋಡಲಿಲ್ಲ.

ಅವಳು ನಾನು ಬರೆದದ್ದನ್ನು ಬರೆದ ಹಾಗೇ ಟೈಪ್ ಮಾಡಿದ್ದಾಳೆ. ಒಂದು ಅಂಕಿಯೂ ತಪ್ಪಿಲ್ಲ.

ಮೇಷ್ಟ್ರು ತೀರಿಕೊಂಡು ಮೂರು ವರ್ಷವಾಯಿತು. ಅವತ್ತು ಹೋಗಿದ್ದೆ. ಮುಂದಿನ ಕೋಣೆಯಲ್ಲಿ ಅವಳ ದನಿ ಕೇಳಿಸಿತು, ಬೇರೆ ಊರಿನಿಂದ ಬಂದಿರಬೇಕು ಅಂದುಕೊಂಡೆ, ಮುಖ ನೋಡುವುದು ಬೇಡ ಅಂತ ಹಿಂದಿನ ಬಾಗಿಲಿನಿಂದ ಬಂದುಬಿಟ್ಟೆ. ತಪ್ಪು ಮಾಡಿದವಳ ಮುಖ ಏಕೆ ನೋಡಲಿ ಅಂತ. ಹಾಗೆಯೇ ಅಂದುಕೊಂಡಿದ್ದೆ, ಈ ಪದಗಳಲ್ಲೇ.

ನಾಚಿಕೆಯಾಗುತ್ತಿದೆ.

ಫೆಬ್ರವರಿ 20, ಗುರುವಾರ. ಸಂಜೆ 7:20

ಎಂಟು ದಿನ ಪುಸ್ತಕ ಮುಟ್ಟಲಿಲ್ಲ. ಈ ಡೈರಿಯನ್ನೂ, ಆ ನೀಲಿ ರಟ್ಟಿನದನ್ನೂ. ಕಣ್ಣಾಸ್ಪತ್ರೆಗೆ ಒಂದು ಮೇಲ್ ಬರೆಯಲು ಕೂತು ಹನ್ನೊಂದು ಸಲ ಅಳಿಸಿದೆ. 'ಮಾನ್ಯರೇ' ಅಂತ ಶುರು ಮಾಡಿ ನೋಡಿದೆ ಒಮ್ಮೆ. ಛೆ.

ಇವರಿಗೆ ಹೇಳಿದೆ. ವಾಚ್ ರಿಪೇರಿ ಮೇಜಿನಲ್ಲಿ ಕೂತಿದ್ದರು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು. ಪೂರ್ತಿ ಕೇಳಿದರು, ಭೂತಗನ್ನಡಿ ತೆಗೆಯಲಿಲ್ಲ.

"ಇಪ್ಪತ್ತೊಂದು ವರ್ಷ ಬಿಟ್ಟು ತಗೊಂಡು ಬಂದಿದೀಯಲ್ಲ. ಗಿರಾಕಿ ಹೀಗೆ ಬಂದಿದ್ರೆ ಹೊಸದು ತಗೊಳ್ಳಿ ಅಂತಿದ್ದೆ."

"ತಮಾಷೆ ಬೇಡ ರೀ. ಮುಚ್ಚಿಟ್ರೂ ಯಾರಿಗೂ ಗೊತ್ತಾಗಲ್ಲ. ಅವಳು ನಂಬರ್ ಬದಲಾಯಿಸ್ತಾಳೆ, ಕೆಲಸ ಮುಗಿಯುತ್ತೆ."

"ಹೌದು, ಮುಗಿಯುತ್ತೆ," ಅಂದರು. ಸ್ವಲ್ಪ ಹೊತ್ತು ಸ್ಕ್ರೂ ತಿರುಗಿಸಿದರು. "ಭಾನುವಾರ ಹೊಳೆಯಾಚೆಗೆ ಬಸ್ ಕಡಿಮೆ. ಎಂಟೂವರೇದು ತಪ್ಪಿಸ್ಕೊಬೇಡ."

ಫೆಬ್ರವರಿ 21, ಶುಕ್ರವಾರ. ಸಂಜೆ 5:45

ಸಾಹೇಬರ ಹತ್ತಿರ ಹೊಸ ಲೆಕ್ಕ ತೆಗೆದುಕೊಂಡು ಹೋದೆ. ಯಾರೂ ಇಪ್ಪತ್ತೇಳು ಬಿಡುವುದು ಬೇಡ. 10.27 ಅನ್ನೇ ಎರಡು ಹೋಳು ಮಾಡೋಣ. ಗೆರೆಯನ್ನು ಹದಿನಾರರಿಂದ ಹದಿನೇಳಕ್ಕೆ, ಒಂದೇ ಬಿಟ್ ಸರಿಸಿದರೆ ಸಾಕು. ಮೂರನೇ ಜಾಗದಲ್ಲಿ ಸೊನ್ನೆಯಿಂದ 127ರವರೆಗೆ ಒಬ್ಬರಿಗೆ, 128ರಿಂದ 255ರವರೆಗೆ ಇನ್ನೊಬ್ಬರಿಗೆ. ಮೇಲಿನ ಅರ್ಧಕ್ಕೆ ಹೋಗುವವರು ಪ್ರತಿ ಮಹಡಿಗೂ 128 ಕೂಡಿಸಬೇಕು. ಮೂರನೇ ಮಹಡಿ 131 ಆಗುತ್ತದೆ.

"ಅವರು ಮೇಲಿನ ಅರ್ಧಕ್ಕೆ ಹೋಗ್ಲಿ," ಅಂದರು.

"ಇಲ್ಲ ಸಾರ್. ನಾವು ಹೋಗೋಣ."

"ನಾನೂರರವತ್ತು ಮೆಷಿನ್ ರೀ."

ಹೆಚ್ಚಿನವು ತಾವಾಗಿಯೇ ಹೊಸ ನಂಬರ್ ತೆಗೆದುಕೊಳ್ಳುತ್ತವೆ, ಕೈಯಿಂದ ಬದಲಿಸಬೇಕಾದದ್ದು ತೊಂಬತ್ತೊಂದು, ಮಾರ್ಚ್ ಒಂಬತ್ತರ ಭಾನುವಾರ ಮಾಡಿ ಮುಗಿಸುತ್ತೇನೆ ಅಂದೆ. ಕನ್ನಡಕದ ಮೇಲಿಂದ ನೋಡಿದರು. ಬೇರೆಯವರ ಕೆಲಸ ಮೈಮೇಲೆ ಎಳೆದುಕೊಳ್ಳುವವಳು ಇವಳಲ್ಲವಲ್ಲ ಎಂಬ ನೋಟ. ಸಹಿ ಹಾಕಿದರು.

ಕಣ್ಣಾಸ್ಪತ್ರೆಗೆ ಲೆಕ್ಕದ ಪ್ರತಿ ಕಳಿಸಿದೆ. ಹತ್ತು ನಿಮಿಷಕ್ಕೆ ಉತ್ತರ. 'ನಾವೇ ಹೋಗುತ್ತೇವೆ ಎಂದಿದ್ದೆವಲ್ಲ ಮೇಡಂ. ಏಕೆ ಈ ಅರ್ಧ ಅರ್ಧ?'

ಉತ್ತರ ಬರೆಯಲಿಲ್ಲ. ಅದು ಬರೆಯುವ ಉತ್ತರವಲ್ಲ.

ಫೆಬ್ರವರಿ 23, ಭಾನುವಾರ. ಬೆಳಗ್ಗೆ 10:00, ಬಸ್ ಸ್ಟಾಪಿನಲ್ಲಿ

ಬಸ್ಸಿಗೆ ನಲವತ್ತು ನಿಮಿಷ ಇದೆ. ಮರೆಯುವ ಮೊದಲು ಬರೆಯಬೇಕು.

ಕಣ್ಣಾಸ್ಪತ್ರೆಯ ಮೆಟ್ಟಿಲು ಹತ್ತುವಾಗಲೇ ದನಿ ಕೇಳಿಸಿತು. ಯಾರಿಗೋ ಫೋನಿನಲ್ಲಿ ಕೇಬಲ್ ಬಗ್ಗೆ ಹೇಳುತ್ತಿದ್ದಳು, ಇಡೀ ಕಟ್ಟಡಕ್ಕೆ ಗೊತ್ತಾಗುವಂತೆ. ಹಾಸಿಗೆ ಬಟ್ಟೆ ಇಡುತ್ತಿದ್ದ ಕೋಣೆ ಅವಳ ಸರ್ವರ್ ರೂಂ. ಸ್ವಿಚ್‌ಗಳ ಮೇಲಿನ ಗೂಟದಲ್ಲಿ ಈಗಲೂ ದಿಂಬಿನ ಚೀಲಗಳು ನೇತಾಡುತ್ತಿವೆ. ಬಾಗಿಲ ಹೊರಗೆ ಅವಳ ಚಪ್ಪಲಿ. ನಾನೂ ಬಿಟ್ಟೆ.

ತಿರುಗಿದಳು. ಕೂದಲು ನನಗಿಂತ ಹೆಚ್ಚು ನರೆತಿದೆ. ಫೋನ್ ಕೆಳಗಿಟ್ಟಳು.

"ಬನ್ನಿ ಮೇಡಂ."

ಪುಸ್ತಕ ತೆಗೆದು ಮೇಜಿನ ಮೇಲಿಟ್ಟೆ. ಆ ಪುಟ ತೆರೆದೆ. ದಾರಿಯುದ್ದಕ್ಕೂ ಕಟ್ಟಿಕೊಂಡಿದ್ದ ಮಾತುಗಳೆಲ್ಲ ಹೋಗಿದ್ದವು. "ತಪ್ಪು ನಂದು. ನೀನು ಟೈಪ್ ಮಾಡಿದ್ದಲ್ಲ, ನಾನು ಬರೆದದ್ದೇ ತಪ್ಪು. 192 ಇರ್ಬೇಕಿತ್ತು, 224 ಬರೆದೆ. ಎಲ್ಲರ ಮುಂದೆ ನಿನ್ನ ಮೇಲೆ ಹೊರಿಸಿದೆ."

ಪುಟ ನೋಡಿದಳು. ಮೂಲೆಯ ಗುಂಡಿಯ ಮೇಲೆ ಬೆರಳಾಡಿಸಿದಳು.

"ಇದೇನಿದು?"

"ಹೊಲಿಗೆ ಮೆಷಿನ್ ಕಾಲು. ಅತ್ತೆ ಇಟ್ಟಿದ್ರು."

"ಯಾವುದಕ್ಕಾದ್ರೂ ಉಪಯೋಗಕ್ಕೆ ಬಂತಲ್ಲ." ಆಮೇಲೆ, ಪುಟದಿಂದ ಕಣ್ಣು ತೆಗೆಯದೆ, "ನಂಗೆ ಗೊತ್ತಿತ್ತು," ಅಂದಳು.

"ಯಾವಾಗಿಂದ?"

"ಅವತ್ತು ಸಾಯಂಕಾಲದಿಂದ. ಎಲ್ಲರೂ ಹೋದ ಮೇಲೆ ಮೇಷ್ಟ್ರೂ ನಾನೂ ಹಾಳೆ ಇಟ್ಕೊಂಡು ನೋಡಿದ್ವಿ. ಎರಡು ದಿನ ಬಿಟ್ಟು ನಿನ್ನ ಇಂಟರ್‌ವ್ಯೂ ಇತ್ತು. ಈಗ ಹೇಳಿದ್ರೆ ಅವಳ ಕೈಕಾಲು ಆಡಲ್ಲ, ಅದು ಮುಗೀಲಿ, ನಾನೇ ಹೇಳ್ತೀನಿ ಅಂದ್ರು ಮೇಷ್ಟ್ರು. ಹಾಳೆ ಮಡಚಿ ಜೇಬಿಗೆ ಹಾಕ್ಕೊಂಡ್ರು. ಮರುದಿನ ಬೆಳಗ್ಗೆನೇ ಕಾರಿಡಾರಲ್ಲಿ ನೀನು..."

ಮುಗಿಸಲಿಲ್ಲ. ನನ್ನನ್ನು ಈಗ ಮೇಡಂ ಅನ್ನುತ್ತಿಲ್ಲ ಎಂಬುದು ಅವಳಿಗೂ ಗೊತ್ತಾದ ಹಾಗೆ ಒಂದು ಸಲ ಕೆಮ್ಮಿದಳು.

"ಆಗ್ಲೇ ನನ್ನ ಮುಖಕ್ಕೆ ಹೇಳಬಾರದಿತ್ತಾ?"

"ಹೇಳಬಹುದಿತ್ತು. ಮೇಷ್ಟ್ರೂ ಹೇಳದೇ ಹೋದ್ರು. ಅದಕ್ಕಿಂತ ಇನ್ನೊಂದಿದೆ. ಅದು ಗೊತ್ತಾ?" ಈಗ ಮುಖ ನೋಡಿದಳು. "ಮೂರನೇ ಸಾಲಲ್ಲಿ ಟೈಪ್ ಮಾಡ್ವಾಗ ಮೆಷಿನ್ ಕೇಳ್ತು. ಈ ಗೇಟ್‌ವೇ ಬೇರೆ ನೆಟ್‌ವರ್ಕಲ್ಲಿದೆ, ಹೀಗೇ ಇಡ್ಲಾ ಅಂತ. ಪ್ರತಿಯೊಂದು ಮೆಷಿನ್ನೂ ಕೇಳ್ತು. ಎರಡು ಸಾಲು, ಹದಿನಾರು ಸಲ. ನೀನು ಆಚೆ ಬಸ್ಸಿನ ಟೈಮ್ ನೋಡ್ತಾ ನಿಂತಿದ್ದೆ. ಕರೆದು ಕೇಳಬಹುದಿತ್ತು. ನಮ್ಮ ಗೇಟ್‌ವೇ ಬರೆದದ್ದು ತಪ್ಪಿರಲ್ಲ ಅಂತ ಹದಿನಾರು ಸಲನೂ ಹೌದು ಒತ್ತಿದೆ."

ಅಳು ತಡೆಯಲಾಗಲಿಲ್ಲ. ಕೂರಲು ಕುರ್ಚಿ ಒಂದೇ ಇತ್ತು, ಅದನ್ನು ನನ್ನ ಕಡೆ ತಳ್ಳಿದಳು.

"ಬ್ರಾಡ್‌ಕಾಸ್ಟ್ ಅಂತ ಕರೆದ್ರಿ ಎಲ್ಲರೂ ಸೇರಿ," ಅಂದಳು. "ಇದೊಂದನ್ನ ಯಾರಿಗೂ ಹೇಳ್ಲಿಲ್ಲ. ನಮ್ಮನೆಯವರಿಗೂ ಹೇಳ್ಲಿಲ್ಲ."

ಕ್ಷಮಿಸು ಅಂದೆ.

"ಕೋಪ ಇದೆ. ಇಷ್ಟು ವರ್ಷ ಸಾಕಿದೀನಿ, ಇವತ್ತು ಬಂದ್ಬಿಟ್ಟೆ ಅಂತ ಹೊರಗೆ ಹಾಕೋಕಾಗಲ್ಲ." ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟಳು. ಬಾಗಿಲವರೆಗೂ ಬಂದಳು. "ನೀರು ಕುಡಿದು ಹೋಗಿ ಮೇಡಂ."

ಮತ್ತೆ ಮೇಡಂ.

ಬಸ್ ಬಂತು.

ಮಾರ್ಚ್ 2, ಭಾನುವಾರ. ಬೆಳಗ್ಗೆ 10:00

ವಾರವಿಡೀ ತೊಂಬತ್ತೊಂದು ಮೆಷಿನ್ನಿನ ಹಾಳೆ ಬರೆದೆ. ಕೈಯಿಂದಲೇ, ಗೆರೆ ಎಳೆದು. ಮಾಸ್ಕನ್ನು ಪ್ರತಿ ಸಾಲಿನಲ್ಲೂ ಮೂರು ಸಲ ನೋಡಿದೆ. ಅವಳಿಂದ ಫೋನಿಲ್ಲ. ಮುಂದಿನ ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಬದಲಾಯಿಸುತ್ತೇವೆ ಅಂತ ಮೇಲ್ ಹಾಕಿದ್ದೆ. 'ಸರಿ' ಅಂತ ಬಂತು. ಮೇಡಂ ಕೂಡ ಇರಲಿಲ್ಲ. ಅದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ತಿಳಿಯದೆ ಎರಡು ದಿನ ಕಳೆದೆ.

ಹೊಲಿಗೆ ಮೆಷಿನ್ ಕುಣಿಯುತ್ತಿದೆ. ಹಳೆಯ ಟೆಲಿಫೋನ್ ಡೈರೆಕ್ಟರಿ ಕೊಟ್ಟೆ. ದಪ್ಪ ಸರಿಯಿಲ್ಲವಂತೆ.

ಮಾರ್ಚ್ 9, ಭಾನುವಾರ. ಬೆಳಗ್ಗೆ 8:40

ಒಂಬತ್ತಕ್ಕೆ ಶುರು. ಜೊತೆಗೆ ಬರುತ್ತೇನೆಂದ ಎಲೆಕ್ಟ್ರಿಷಿಯನ್‌ಗೆ ಜ್ವರ. ಒಬ್ಬಳೇ. ಹೊರಗಿನ ರೋಗಿಗಳು ಇವತ್ತು ಇಲ್ಲ, ವಾರ್ಡ್‌ಗಳಿಗೆ ನಿನ್ನೆಯೇ ಹೇಳಿದ್ದೇನೆ. ಸಂಜೆಯೊಳಗೆ ಮುಗಿಯುವುದು ಅನುಮಾನ.

ಹೆದರಿಕೆ ಇದೆ. ಹಾಳೆ ತಪ್ಪಿದ್ದರೆ ಈ ಸಲ ಇಪ್ಪತ್ತೊಂದು ವರ್ಷ ಕಾಯುವ ಹಾಗಿಲ್ಲ.

ಮಧ್ಯಾಹ್ನ 1:15, ಮೂರನೇ ಮಹಡಿಯ ಮೆಟ್ಟಿಲ ಮೇಲೆ

ಒಂಬತ್ತು ಐದಕ್ಕೆ ಬಂದಳು. ಕರೆದಿರಲಿಲ್ಲ. ಲಿಫ್ಟ್ ಇಲ್ಲ ಅಂತ ಬೈದುಕೊಂಡೇ ಸರ್ವರ್ ರೂಮಿನವರೆಗೆ ಹತ್ತಿದಳು, ಪ್ರತಿ ಮಹಡಿಯಲ್ಲೂ ಒಂದೊಂದು ಬೈಗುಳ, ಹಾಗಾಗಿ ಮೊದಲೇ ಗೊತ್ತಾಯಿತು.

"ಓದು. ನಾನು ಟೈಪ್ ಮಾಡ್ತೀನಿ," ಅಂದಳು. ಅಷ್ಟೇ.

ಓದಿದೆ. ಟೈಪ್ ಮಾಡಿದಳು. ಈಗಲೂ ಎರಡೇ ಬೆರಳು, ಈಗಲೂ ನನಗಿಂತ ಬೇಗ. ಮೊದಲ ಮಹಡಿ, ಎರಡನೇ ಮಹಡಿ, ಕೆಲಸದ ಮಾತು ಬಿಟ್ಟು ಬೇರೇನೂ ಇಲ್ಲ. ಹನ್ನೆರಡರ ಹೊತ್ತಿಗೆ ಮೂರನೇ ಮಹಡಿಯ ಎಕ್ಸ್‌ರೇ ಕೋಣೆ. ಅಲ್ಲಿನ ಕಂಪ್ಯೂಟರಿಗೆ ನಂಬರ್ ಓದಿದೆ, ಮಾಸ್ಕ್ ಓದಿದೆ, ಗೇಟ್‌ವೇ ಓದಿದೆ. ಅವಳ ಕೈ ನಿಂತಿತು.

"ಕೇಳ್ತಿದೆ."

"ಏನಂತೆ?"

"ಈ ಗೇಟ್‌ವೇ ಬೇರೆ ನೆಟ್‌ವರ್ಕಲ್ಲಿದೆ, ಹೀಗೇ ಇಡ್ಲಾ ಅಂತ." ಕುರ್ಚಿ ಪೂರ್ತಿ ತಿರುಗಿಸಿ ನನ್ನ ಮುಖ ನೋಡಿದಳು. "ಏನು ಹೇಳ್ಲಿ?"

ಹಾಳೆ ನೋಡಿದೆ. ಮೂರು ಸಲ ನೋಡಿದ ಹಾಳೆ. ಮಾಸ್ಕ್ ಸರಿಯಾಗಿತ್ತು. ಗೇಟ್‌ವೇ ಜಾಗದಲ್ಲಿ 10.27.131.1 ಅಂತ ಇರಬೇಕು. 10.27.3.1 ಅಂತ ಇದೆ. ಹದಿನೆಂಟು ವರ್ಷ ಬರೆದ ಮೂರು ತಾನಾಗಿಯೇ ಬಂದು ಕೂತಿದೆ.

"ಇಲ್ಲ ಅನ್ನು," ಅಂದೆ. "ನಂದೇ ತಪ್ಪು. ನೂರಮೂವತ್ತೊಂದು."

"ಹ್ಞೂಂ," ಅಂದಳು. 'ಇಲ್ಲ' ಒತ್ತಿದಳು. ತಿದ್ದಿದಳು. ಹೆಗಲು ಅಲುಗುತ್ತಿತ್ತು, ಅಳುತ್ತಿದ್ದಾಳೆಂದು ಗಾಬರಿಯಾಯಿತು. ನಗುತ್ತಿದ್ದಳು. ನಿಲ್ಲಿಸಲಾಗದಂತೆ, ಇಪ್ಪತ್ತೇಳನೇ ಕೋಣೆಯಲ್ಲಿ ಮೇಷ್ಟ್ರಿಗೆ ಕಾಣದ ಹಾಗೆ ನಗುತ್ತಿದ್ದಳಲ್ಲ, ಹಾಗೆ. ನನಗೂ ಬಂತು. ಎಕ್ಸ್‌ರೇ ಟೆಕ್ನಿಷಿಯನ್ ಬಾಗಿಲಲ್ಲಿ ಇಣುಕಿ ಏನೂ ಕೇಳದೆ ಹೋದ.

ಅಲ್ಲಿಂದಲೇ ಅವಳ ಆಸ್ಪತ್ರೆಗೆ ಪಿಂಗ್ ಮಾಡಿ ನೋಡಿದೆ. 10.27.1.1. ನಿನ್ನೆಯವರೆಗೂ ಆ ನಂಬರಿಗೆ ಉತ್ತರ ಕೊಡುತ್ತಿದ್ದದ್ದು ನನ್ನದೇ ಮೊದಲ ಮಹಡಿ. ಇವತ್ತು ಹೊಳೆಯಾಚೆಯಿಂದ ಬಂತು. ನಾಲ್ಕು ಸಲ ಕೇಳಿದ್ದಕ್ಕೆ ನಾಲ್ಕು ಸಲವೂ ಬಂತು.

"ರಿಪ್ಲೈ ಸಾರ್," ಅಂದಳು ಅವಳು, ಹಿಂದೆ ನಿಂತು, ಮೆಲ್ಲಗೆ. ಅವಳು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಊಟಕ್ಕೆ ಅಂತ ಬಿಟ್ಟಿದ್ದೇವೆ. ಕೋಪ ಎಷ್ಟು ಉಳಿದಿದೆ ಅಂತ ಕೇಳಲಿಲ್ಲ. ಕೇಳಬೇಕು. ಪುಸ್ತಕ ಅವಳಿಗೇ ಕೊಟ್ಟುಬಿಡಬೇಕು ಅಂತ ಚೀಲದಲ್ಲಿ ತಂದಿದ್ದೇನೆ, ಮೇಷ್ಟ್ರ ಚಿತ್ರ ಅವಳದೇ ಅಲ್ಲವೇ. ಆದರೆ ಅತ್ತೆ ಅದನ್ನು ಮತ್ತೆ ಮೆಷಿನ್ ಕೆಳಗೆ ಕೇಳುತ್ತಿದ್ದಾರೆ, ಅವಳಿಗೆ ಹೇಗೆ ಹೇಳುವುದು ಅಂತ—

ಕರೆಯುತ್ತಿದ್ದಾಳೆ. ನಾಲ್ಕನೇ ಮಹಡಿಯಿಂದ. ಮೇಡಂ ಅಂತ ಅಲ್ಲ. ಗೇಟ್‌ವೇ ಅಂತ ಕೂಗುತ್ತಿದ್ದಾಳೆ, ಎರಡು ವಾರ್ಡಿನವರೂ ತಿರುಗಿ ನೋಡುವ ಹಾಗೆ. ಹೋಗದಿದ್ದರೆ ಇನ್ನೂ ಜೋರಾಗಿ